ಕುದುರೆ ಕಂಡರೆ ಕಾಲುನೋವು

‘ಕುದುರೆ ಕಂಡರೆ ಕಾಲುನೋವು’ ಎಂಬ ಗಾದೆಯನ್ನು ನಮ್ಮ ಹಿರಿಯರು ಸೋಮಾರಿಗಳನ್ನು ಕುರಿತು ಕಟ್ಟಿದರು. ದಾರಿ ನಡೆಯುವವನ ಕಾಲು ಕುದುರೆ ಕಣ್ಣಿಗೆ ಬೀಳುವವರೆಗೆ ನೆಟ್ಟಗಿರುತ್ತದೆ. ಕಂಡ ಕೂಡಲೆ ನೋಯಲಾರಂಭಿಸುತ್ತದೆ ಎಂಬುದು ಅದರ ತಾತ್ಪರ್ಯ. ಕಳೆದ ವರ್ಷ ನಾವು ಕುದುರೆಯನ್ನು ಕೊಳ್ಳಲು ಹೊರಟಾಗ ಈ ಗಾದೆ ತಿರುಗಿಬಿದ್ದಿತು. ನೋವಿನ ಕಾಲು ನಮ್ಮದಾಗಿರಲಿಲ್ಲ, ಕುದುರೆಯದಾಗಿತ್ತು. ಅದನ್ನು ಕಂಡಮೇಲೆ ನಾವು ಪಟ್ಟ ಯೋಚನೆಯನ್ನೂ ಮನೆಯಲ್ಲಿ ನಡೆದ ವಾದವನ್ನೂ ಬರೆದರೆ, ಎಂದೂ ಕುದುರೆಯ ಗೊಡವೆಗೆ ಹೋಗದ ವಾಚಕರಿಗೂ ಸ್ವಲ್ಪ ಪ್ರಯೋಜನವಾದೀತೆಂದು ತೋರುತ್ತದೆ. ಊನವುಳ್ಳ ಎಳೆಯ ಪ್ರಾಣಿಯನ್ನು ಮನೆಗೆ ತರುವುದೋ ಬಿಡುವುದೋ ಎಂಬ ಪ್ರಶ್ನೆ ಕರುವಿನ ವಿಷಯದಲ್ಲಿಯೂ ಬರುತ್ತದೆ, ನಾಯಿಮರಿಯ ವಿಷಯದಲ್ಲಿಯೂ ಬರುತ್ತದೆ.

ಮೈಸೂರಿಗೆ ಸಮೀಪದ ಹಳ್ಳಿಯೊಂದರಲ್ಲಿ ನಮಗೆ ಎರಡು ಎಕರೆ ತೆಂಗಿನ ತೋಟವೂ, ಅದರ ಮಗ್ಗುಲಲ್ಲಿ ಒಂದು ತುಂಡು ಹುಲ್ಲುಗಾವಲೂ, ದನಗಳಿಲ್ಲದೆ ಬರಿದಾದ ಕೊಟ್ಟಿಗೆಯೂ ಇವೆ. ಹದಿನಾಲ್ಕು ವರ್ಷದ ಮಗಳೊಬ್ಬಳಿದ್ದಾಳೆ. ಅವಳು ಚಿಕ್ಕವಳಾಗಿದ್ದಾಗ ದಸರಾ ಮೆರವಣಿಗೆಗೆ ಕರೆದುಕೊಂಡು ಹೋಗಿದ್ದೆವು. ಆನೆಯನ್ನು ನೋಡಲು ಹೋದ ಮಗು ಅಶ್ವಾರೋಹಿ ಪೊಲೀಸರ ಕುದುರೆಗಳನ್ನು ನೋಡಿಕೊಂಡು ಬಂದಿತು. ಅಂದು ಹತ್ತಿದ ಹಂಬಲ ಇಳಿಯಲೇ ಇಲ್ಲ. ಮೂರು ವರ್ಷ ಸವಾರಿಯ ಶಾಲೆಗೆ ಹೋಗಿ, ಬಿದ್ದು, ಎದ್ದು, ಬೇಲಿ ಹಾರಿಸುವಷ್ಟು ಕಲಿತಳು. ಕೊನೆಗೆ, “ಹತ್ತನೆಯ ತರಗತಿಯ ಮುಂಚೆ ಒಂದು ಕುದುರೆ” ಎಂದು ನಾವು ಯಾವುದೋ ಗುಂಗಿನಲ್ಲಿ ಹೇಳಿದ ಮಾತನ್ನು ಅವಳು ಗಂಟುಹಾಕಿಕೊಂಡಳು.

ಈ ಕುದುರೆಯ ಸುದ್ದಿಗೆ ಮುಂಚೆ ಹಿಂದಿನದೊಂದನ್ನು ಹೇಳಬೇಕಾಗಿದೆ. ಅದು ನಮಗೆ ಹೆಮ್ಮೆ ತರುವ ಕಥೆಯಲ್ಲ.

ಮದುವೆಗೆ ಮುಂಚೆ, ಹುಮ್ಮಸ್ಸಿನ ಕಾಲದಲ್ಲಿ, ಒಂದು ಜಾತ್ರೆಯಲ್ಲಿ ನಾವು ಕುದುರೆಯೊಂದನ್ನು ಕೊಂಡಿದ್ದೆವು. ಅದು ಪಂಚಕಲ್ಯಾಣಿ: ನಾಲ್ಕು ಕಾಲುಗಳೂ ಬಿಳಿ, ಮುಖದಲ್ಲಿ ಬಿಳಿಯ ಪಟ್ಟೆ. ಅಂಥ ಕುದುರೆ ಮನೆಗೆ ಶುಭವೆಂದು ನಾಲ್ಕು ಜನ ಹೇಳಿದರು. ನಾಲ್ಕು ಕಾಲುಗಳ ಬಣ್ಣವನ್ನು ನೋಡಿದ ನಾವು ಕಾಲುಗಳನ್ನು ಮಾತ್ರ ನೋಡಲಿಲ್ಲ. ಜಾತ್ರೆಯಲ್ಲಿ ನವಿಲಿನಂತೆ ಕುಣಿದ ಪ್ರಾಣಿ ಮನೆಗೆ ಬಂದ ಐದನೆಯ ದಿನಕ್ಕೆ ಕುಂಟಿತು. ನೋವು ಅಡಗಿಸುವ ಮದ್ದನ್ನು ಕೊಟ್ಟು ಮಾರುವ ಪದ್ಧತಿಯುಂಟೆಂದು ನಮಗೆ ತಿಳಿದದ್ದು ಆಮೇಲೆ. ಇಲ್ಲಿಯವರೆಗಿನದು ನಮಗಾದ ಮೋಸ. ಮುಂದಿನದು ನಾವು ಮಾಡಿದ ಮೋಸ. ಒಂದು ತಿಂಗಳು ಕಟ್ಟಿಹಾಕಿ ವಿಶ್ರಾಂತಿ ಕೊಟ್ಟೆವು. ಕುಂಟು ಮರೆಯಾದ ವಾರದಲ್ಲಿಯೇ ಒಬ್ಬ ಜಟಕಾದವನಿಗೆ ಅದನ್ನು ಮಾರಿಬಿಟ್ಟೆವು. ಅವನು ಕಾಲಿನ ಮಾತೆತ್ತಲಿಲ್ಲ, ನಾವೂ ಎತ್ತಲಿಲ್ಲ. ಕೇಳದಿದ್ದರೆ ಹೇಳಬೇಕಾದದ್ದಿಲ್ಲ ಎಂಬ ನ್ಯಾಯವನ್ನು ಹೂಡಿಕೊಂಡೆವು.

ಆ ಮಳೆಗಾಲದ ಒಂದು ಸಂಜೆ ಮಾರುಕಟ್ಟೆಯ ಬಳಿ ನಿಂತಿದ್ದ ಜಟಕಾದಲ್ಲಿ ನಮ್ಮ ಪಂಚಕಲ್ಯಾಣಿಯನ್ನು ಕಂಡೆವು. ಒಂದು ಮುಂಗಾಲನ್ನು ಮುಂದಕ್ಕೆ ಚಾಚಿ, ಅದರ ಮೇಲೆ ಭಾರ ಹಾಕದೆ, ತಲೆ ಬಾಗಿಸಿ ನೆನೆಯುತ್ತಿತ್ತು. ನಾವು ಕೊಡೆಯನ್ನು ಮುಖಕ್ಕೆ ಅಡ್ಡಹಿಡಿದು ರಸ್ತೆಯ ಆಚೆಯ ಬದಿಗೆ ದಾಟಿಕೊಂಡೆವು. ಕುದುರೆಗೆ ನಮ್ಮ ಗುರುತು ಸಿಕ್ಕಿತೋ ಇಲ್ಲವೋ, ಅಂತೂ ನಾವು ಮುಖ ಮರೆಸಿಕೊಂಡೆವು. ಮಗಳ ಕುದುರೆಯ ಮಾತು ಬಂದಾಗಲೆಲ್ಲ ಈ ಕೊಡೆ ನಮ್ಮ ಕಣ್ಣೆದುರು ಬಿಚ್ಚಿಕೊಳ್ಳುತ್ತಿತ್ತು.

ಕಳೆದ ವರ್ಷದ ಫೆಬ್ರವರಿಯಲ್ಲಿ ಸ್ನೇಹಿತರೊಬ್ಬರು, ಪಂದ್ಯದ ತಳಿಯ ಒಂದು ಹೆಣ್ಣುಮರಿ ಅಗ್ಗವಾಗಿ ಸಿಕ್ಕುವುದಾಗಿ ತಿಳಿಸಿದರು. ನಮ್ಮ ನಾಡಿನಲ್ಲಿ ಕುದುರೆಯ ಸಾಕಣೆಯೆಂದರೆ ಟಿಪ್ಪೂ ಸುಲ್ತಾನನ ಕಾಲದಿಂದ ಹೆಸರಾದ ಕುಣಿಗಲ್ ನೆನಪಾಗುತ್ತದೆ. ಇದು ಅಂಥ ಹೆಸರಾಂತ ಸ್ಥಳವಲ್ಲ, ಒಬ್ಬ ಗೃಹಸ್ಥರ ಸಣ್ಣ ಲಾಯ. ಮರಿ ಕೆಂಗಂದು ಬಣ್ಣದ್ದು. ಕಿವಿ ಚೂಪು, ಕಣ್ಣು ದೊಡ್ಡದು. ಮಗಳು ಅದನ್ನು ನೋಡಿದ ಗಳಿಗೆಯಲ್ಲಿಯೇ ‘ಕಪಿಲೆ’ ಎಂದಳು. ಬಣ್ಣಕ್ಕೂ ಒಪ್ಪಿತು, ನಮ್ಮ ಕಡೆಯ ಹೊಳೆಯ ಹೆಸರೂ ಆಯಿತು. ಹೆಸರಿಟ್ಟ ಮೇಲೆ ಬೆಲೆಯ ಮಾತನಾಡುವುದು ಕಷ್ಟವೆಂಬುದು ಪ್ರಾಣಿಯನ್ನು ಕೊಂಡವರಿಗೆಲ್ಲ ತಿಳಿದಿದೆ.

ನಮ್ಮೊಡನೆ ಮಾವನವರೂ ಬಂದಿದ್ದರು. ಅವರು ಹಳೆಯ ಕ್ರಮದಂತೆ ಸುಳಿಗಳನ್ನು ನೋಡಿದರು. ಕೊರಳಿನಲ್ಲಿ ದೇವಮಣಿ ಸುಳಿ ಕಂಡಿತು. “ಯೋಚನೆ ಬೇಡ, ತೆಗೆದುಕೊಳ್ಳಿ. ದೇವಮಣಿಯಿದ್ದ ಮೇಲೆ ಉಳಿದ ದೋಷವೆಲ್ಲ ಕಳೆಯಿತು” ಎಂದರು. ಆದರೆ ನಮ್ಮ ಕಣ್ಣು ಈ ಸಲ ಕೆಳಗೆ ಹೋಯಿತು. ಬಲ ಹಿಂಗಾಲಿನ ನಡುವಣ ಕೀಲಿನ ಮುಂಭಾಗದಲ್ಲಿ, ಸಣ್ಣ ನಿಂಬೆಹಣ್ಣನ್ನು ತೊಗಲಿನ ಅಡಿಯಲ್ಲಿ ಇಟ್ಟಂತೆ, ಮೆತ್ತಗಿನ ಊತವಿದ್ದಿತು. ಲಾಯದ ಯಜಮಾನರು ಅದನ್ನು ಮುಚ್ಚಿಡಲಿಲ್ಲ. “ಇದಕ್ಕಾಗಿಯೇ ಪಂದ್ಯಕ್ಕೆ ಕಳುಹಿಸಲಿಲ್ಲ. ಕುಂಟುವುದಿಲ್ಲ. ಬೆಲೆ ಮೂರನೆಯ ಒಂದು ಪಾಲು. ವೈದ್ಯರನ್ನು ಕರೆತಂದು ನೋಡಿಸಿ” ಎಂದರು. ಇಪ್ಪತ್ತು ವರ್ಷದ ಹಿಂದೆ ನಾವು ಆಡದೆ ಹೋದ ಮಾತನ್ನು ಇನ್ನೊಬ್ಬರ ಬಾಯಿಂದ ಕೇಳಿದಂತಾಯಿತು.

ಮರುವಾರ ವೈದ್ಯರನ್ನು ಕರೆದೊಯ್ದೆವು. ಶಾಲಿಹೋತ್ರ ಮುನಿಯ ಹೆಸರಿನಲ್ಲಿ ಅಶ್ವವೈದ್ಯವನ್ನು ಕಟ್ಟಿದ ದೇಶ ನಮ್ಮದು. ಅಜ್ಞಾತವಾಸದಲ್ಲಿ ವಿರಾಟನ ಲಾಯವನ್ನು ನೋಡಿಕೊಂಡವನು ನಕುಲ. ಹೀಗಿದ್ದೂ ಕುದುರೆಯನ್ನು ಹೇಗೆ ನೋಡಬೇಕೆಂಬುದು ನಮಗೆ ತಿಳಿದದ್ದು ಆ ಎರಡು ಗಂಟೆಯಲ್ಲಿ. ಮೊದಲು ತುಟಿಯೆತ್ತಿ ಹಲ್ಲು ನೋಡಿದರು. ನಡುವಿನ ಜೋಡಿ ಹಾಲುಹಲ್ಲು ಎರಡೂವರೆ ವರ್ಷದ ಸುಮಾರಿಗೆ ಬಿದ್ದು ಹೊಸದು ಬರುತ್ತದೆ, ಮುಂದಿನ ಜೋಡಿ ಮೂರೂವರೆಗೆ, ಕೊನೆಯದು ನಾಲ್ಕೂವರೆಗೆ. ಯಜಮಾನರು ಮೂರು ವರ್ಷವೆಂದದ್ದು ಸುಳ್ಳಲ್ಲ. ಪಂದ್ಯದ ಲೆಕ್ಕದಲ್ಲಿ ಎಲ್ಲ ಮರಿಗಳಿಗೂ ಜನವರಿ 1ರಂದೇ ಒಂದು ವರ್ಷ ಏರುತ್ತದೆ. ಏಪ್ರಿಲ್‌ನಲ್ಲಿ ಹುಟ್ಟಿದ ಕಪಿಲೆಗೆ ನಿಜವಾಗಿ ಮೂರು ತುಂಬಿರಲಿಲ್ಲ. ಬಳಿಕ ಗಟ್ಟಿಯಾದ ನೆಲದ ಮೇಲೆ ನೇರವಾಗಿ ನಡೆಯಿಸಿದರು, ಕುಕ್ಕುಲೋಟದಲ್ಲಿ ಓಡಿಸಿದರು. ಊದಿದ ಕೀಲನ್ನು ಒಂದು ನಿಮಿಷ ಮಡಿಸಿ ಹಿಡಿದು, ಬಿಟ್ಟ ಕೂಡಲೆ ಓಡಿಸಿದರು. ಮೊದಲ ನಾಲ್ಕು ಹೆಜ್ಜೆಗಳಲ್ಲಿ ಅಳುಕು ಕಂಡಿತು, ಐದನೆಯದರಲ್ಲಿ ಹೋಯಿತು. ನೋವಿನ ಮದ್ದು ಕೊಟ್ಟಿದ್ದಾರೆಯೇ ಎಂದು ತಿಳಿಯಲು ರಕ್ತವನ್ನೂ ತೆಗೆದುಕೊಂಡರು. “ಯಜಮಾನರ ಮೇಲೆ ಸಂಶಯವಿಲ್ಲ, ಸ್ವಾಮಿ, ಇದು ಪದ್ಧತಿ” ಎಂದರು. ಕೊನೆಗೆ ಎರಡು ಹಿಂಗಾಲುಗಳ ಕ್ಷಕಿರಣ ಚಿತ್ರಗಳನ್ನೂ ತೆಗೆದರು. ಈ ದೋಷ ಒಂದು ಕಡೆ ಇದ್ದರೆ ಇನ್ನೊಂದು ಕಡೆಯೂ ಇರುವುದು ಅಪರೂಪವಲ್ಲವಂತೆ. ಎಡಗಾಲು ಶುದ್ಧವಾಗಿತ್ತು. ಬಲಗಾಲಿನ ಕೀಲಿನಲ್ಲಿ, ಎಲುಬಿನ ಅಂಚಿನಿಂದ ಬೇರೆಯಾಗಿ, ಅಕ್ಕಿಯ ಕಾಳಿನಷ್ಟು ಚೂರು ಕಾಣುತ್ತಿತ್ತು.

ಅವರು ವಿವರಿಸಿದ್ದನ್ನು ನಮ್ಮ ಮಾತಿನಲ್ಲಿ ಹೇಳುತ್ತೇವೆ. ಕುದುರೆಯ ಹಿಂಗಾಲಿನಲ್ಲಿ ಹಿಮ್ಮುಖವಾಗಿ ಮಡಿಯುವ ಕೀಲನ್ನು ನಾವು ಮೊಣಕಾಲೆಂದು ತಿಳಿಯುತ್ತೇವೆ. ಅದು ಮನುಷ್ಯನ ಹಿಮ್ಮಡಿಯ ಕೀಲಿಗೆ ಸಮ. ನಿಜವಾದ ಮೊಣಕಾಲು ಮೇಲೆ ಹೊಟ್ಟೆಯ ಬಳಿಯಲ್ಲಿದೆ. ಮುಂಗಾಲಿನಲ್ಲಿ ಮೊಣಕಾಲಿನಂತೆ ಕಾಣುವುದು ನಮ್ಮ ಮಣಿಕಟ್ಟು. ಒಂದೊಂದು ಕಾಲಿಗೂ ಒಂದೇ ನಡುಬೆರಳು, ಗೊರಸು ಅದರ ಉಗುರು. ನಾಲ್ಕೈದು ನೂರು ಕಿಲೋ ತೂಕದ ದೇಹ ನಾಲ್ಕು ಬೆರಳುಗಳ ತುದಿಯಲ್ಲಿ ನಿಂತು ಓಡುತ್ತದೆ. ಹುಟ್ಟಿದ ಮರಿಯಲ್ಲಿ ಎಲುಬುಗಳ ತುದಿಗಳು ಮೃದ್ವಸ್ಥಿಯಿಂದ ಕೂಡಿದ್ದು, ಬೆಳೆಯುತ್ತ ಒಳಗಿನಿಂದ ಗಟ್ಟಿಯಾಗುತ್ತವೆ. ಕೆಲವು ಮರಿಗಳಲ್ಲಿ ಒಂದೆರಡು ಕಡೆ ರಕ್ತದ ಸರಬರಾಜು ಕೆಟ್ಟು, ಆ ಭಾಗ ಗಟ್ಟಿಯಾಗದೆ ಬಲಹೀನವಾಗಿ ಉಳಿಯುತ್ತದೆ. ಮರಿ ನೆಗೆದಾಡುವಾಗ ಅಲ್ಲಿಂದ ಚೂರು ಕಳಚುತ್ತದೆ. ವಂಶ, ತೀವ್ರವಾದ ಬೆಳವಣಿಗೆ, ಅತಿಯಾದ ಧಾನ್ಯ, ಖನಿಜಾಂಶಗಳ ಏರುಪೇರು, ಪೆಟ್ಟು, ಇವೆಲ್ಲವೂ ಕಾರಣಗಳಾಗಬಲ್ಲವು. ಮಗು ದುಂಡಗಾಗಲೆಂದು ತಿನ್ನಿಸುವ ತಾಯಂದಿರಂತೆ, ಮರಿಯನ್ನು ಬೇಗ ಬೆಳೆಸಬೇಕೆಂದು ತಿನ್ನಿಸುವ ಯಜಮಾನರೂ ಉಂಟು.

“ಹಾಗಾದರೆ ಕೊಳ್ಳಬಹುದೋ, ಬಾರದೋ?” ಎಂದು ಕೇಳಿದೆವು.

“ಅದನ್ನು ನಾನು ಹೇಳತಕ್ಕದ್ದಲ್ಲ” ಎಂದರು ವೈದ್ಯರು. “ಸಣ್ಣ ರಂಧ್ರಗಳ ಮೂಲಕ ಕೀಲಿನೊಳಗೆ ದರ್ಶಕವನ್ನು ಇಳಿಸಿ ಚೂರನ್ನು ತೆಗೆಯಬಹುದು. ಈ ಕೀಲಿನಲ್ಲಿ, ಬೇರೆ ಕೇಡಿಲ್ಲದಿದ್ದರೆ, ಬಹುಪಾಲು ಕುದುರೆಗಳು ಕೆಲಸಕ್ಕೆ ಮರಳುತ್ತವೆ. ಆದರೆ ಮೃದ್ವಸ್ಥಿ ಎಷ್ಟು ಸವೆದಿದೆಯೆಂಬುದು ಚಿತ್ರದಲ್ಲಿ ಕಾಣಿಸುವುದಿಲ್ಲ, ಒಳಗೆ ನೋಡಿದಾಗಲೇ ತಿಳಿಯಬೇಕು. ಸವೆದದ್ದು ಮೊದಲಿನಂತೆ ಬೆಳೆಯುವುದಿಲ್ಲ. ಮತ್ತೆ, ಕುದುರೆಗೆ ಪೂರ್ಣ ಮೂರ್ಛೆಯ ಮದ್ದು ಕೊಡುವುದು ಮನುಷ್ಯನಿಗೆ ಕೊಟ್ಟಂತಲ್ಲ. ಎಚ್ಚರವಾಗುವಾಗ ಗಾಬರಿಯಿಂದ ಏಳಹೋಗಿ ಕಾಲು ಮುರಿದುಕೊಳ್ಳುವುದುಂಟು. ನೂರರಲ್ಲಿ ಒಂದರ ಹತ್ತಿರ ಹತ್ತಿರ ಪ್ರಾಣಾಪಾಯ. ಇಷ್ಟನ್ನೂ ಹೇಳಿದೆ. ನೀವು ಇದರಿಂದ ಯಾವ ಕೆಲಸ ತೆಗೆಯುತ್ತೀರಿ ಎಂಬುದನ್ನು ನೀವು ಹೇಳಿಕೊಳ್ಳಬೇಕು.”

ಕಾಲು ಕುದುರೆಗೆ ಪ್ರಾಣವೆಂಬುದು ಅಲಂಕಾರದ ಮಾತಲ್ಲ. ಅಮೆರಿಕದ ಬಾರ್ಬರೋ ಎಂಬ ಕುದುರೆ 2006ರ ಮೇ ತಿಂಗಳಲ್ಲಿ ಆ ದೇಶದ ಅತಿ ದೊಡ್ಡ ಪಂದ್ಯವನ್ನು ಗೆದ್ದು, ಎರಡು ವಾರದ ತರುವಾಯ ಮತ್ತೊಂದು ಪಂದ್ಯದಲ್ಲಿ ಹಿಂಗಾಲನ್ನು ಮುರಿದುಕೊಂಡಿತು. ಹಣಕ್ಕೂ ವೈದ್ಯಕ್ಕೂ ಅಲ್ಲಿ ಕೊರತೆಯಿರಲಿಲ್ಲ. ಮುರಿದ ಎಲುಬು ಬಹುಮಟ್ಟಿಗೆ ಕೂಡಿಯೂ ಬಂದಿತು. ಆದರೆ ಭಾರವನ್ನು ಹೊತ್ತ ಉಳಿದ ಕಾಲುಗಳ ಗೊರಸುಗಳು ಒಳಗಿನಿಂದ ಕೆಟ್ಟು, 2007ರ ಜನವರಿಯಲ್ಲಿ ಅದಕ್ಕೆ ಮರಣವನ್ನೇ ದಯಪಾಲಿಸಬೇಕಾಯಿತು. ಮನುಷ್ಯನಂತೆ ತಿಂಗಳುಗಟ್ಟಲೆ ಮಂಚದ ಮೇಲೆ ಮಲಗಿ ಗುಣವಾಗುವ ಭಾಗ್ಯ ಕುದುರೆಗಿಲ್ಲ.

ಮನೆಗೆ ಬಂದು ಸಭೆ ಸೇರಿದೆವು. ಮಾವನವರು ದೇವಮಣಿಯ ಪಕ್ಷವನ್ನು ಬಿಡಲಿಲ್ಲ. ಮಗಳು ವಾದವನ್ನೇ ಮಾಡಲಿಲ್ಲ, ಊಟವನ್ನು ಬಿಟ್ಟಳು. ನಾವು ಕಾಗದವನ್ನು ತೆಗೆದು ಲಾಭನಷ್ಟಗಳನ್ನು ಬರೆದೆವು. ಸವಾರನೂ ಜೀನೂ ಸೇರಿ ಕುದುರೆಯ ತೂಕದ ಐದನೆಯ ಒಂದು ಪಾಲನ್ನು ಮೀರಬಾರದೆಂಬುದು ಸಾಮಾನ್ಯ ಲೆಕ್ಕ. ನಮ್ಮ ಮಗಳ ಭಾರ ಅದರ ಹತ್ತಿರವೂ ಇಲ್ಲ. ಇದು ಅನುಕೂಲ. ಆದರೆ ಅವಳಿಗೆ ಬೇಲಿ ಹಾರಿಸುವ ಆಸೆ. ಹಾರುವ ಕುದುರೆಯ ಒತ್ತೆಲ್ಲ ಹಿಂಗಾಲಿನ ಆ ಕೀಲಿನಲ್ಲಿಯೇ. ಇದು ಪ್ರತಿಕೂಲ. ಕುದುರೆಯ ಬೆನ್ನೆಲುಬು ಪೂರ್ತಿ ಬಲಿಯುವುದು ಐದಾರು ವರ್ಷಕ್ಕೆ; ಆ ಹೊತ್ತಿಗೆ ಮಗಳು ಕಾಲೇಜಿಗೆಂದು ಊರು ಬಿಟ್ಟಿರುತ್ತಾಳೆ. ಇದೂ ಪ್ರತಿಕೂಲ. ಬೆಲೆ ಅಗ್ಗವೆಂಬುದೂ ಸೋಗು. ಹುಲ್ಲು, ಹುರುಳಿ, ಲಾಳ, ಆಳಿನ ಸಂಬಳ, ಇವು ಕುಂಟನಿಗೂ ಓಟಗಾರನಿಗೂ ಒಂದೇ.

ಕೊನೆಗೆ ಬಹು ಜಾಣತನದ ಒಂದು ಉಪಾಯ ನಮಗೆ ಹೊಳೆಯಿತು. ಯಜಮಾನರೇ ಶಸ್ತ್ರಕ್ರಿಯೆ ಮಾಡಿಸಲಿ. ಆರು ತಿಂಗಳಾದ ಮೇಲೆ ಮತ್ತೊಮ್ಮೆ ಪರೀಕ್ಷೆ ಮಾಡಿಸೋಣ. ನೆಟ್ಟಗಿದ್ದರೆ ಒಪ್ಪಿದ ಬೆಲೆಯನ್ನೂ ಖರ್ಚಿನ ಅರ್ಧವನ್ನೂ ಕೊಟ್ಟು ತರೋಣ, ಇಲ್ಲವಾದರೆ ಬಿಡೋಣ. ಈ ಕರಾರನ್ನು ಓದಿ ಹೇಳಿ, ಮೆಚ್ಚುಗೆಯನ್ನು ನಿರೀಕ್ಷಿಸುತ್ತ ಕುಳಿತೆವು.

ನಮ್ಮ ಮನೆಯವರು ಅದುವರೆಗೆ ಹುರುಳಿಕಾಯಿಯ ನಾರು ತೆಗೆಯುತ್ತಿದ್ದರು. ತಲೆಯೆತ್ತಿ, “ನೆಟ್ಟಗಾಗದಿದ್ದರೆ ಅದು ಎಲ್ಲಿಗೆ ಹೋಗುತ್ತದೆ?” ಎಂದು ಕೇಳಿದರು.

“ಯಜಮಾನರ ಹತ್ತಿರವೇ ಇರುತ್ತದೆ.”

“ಪಂದ್ಯಕ್ಕೂ ಬಾರದ, ಮಾರಾಟಕ್ಕೂ ಬಾರದ ಕುದುರೆಯನ್ನು ಅವರು ಎಷ್ಟು ದಿನ ಇಟ್ಟುಕೊಳ್ಳುತ್ತಾರೆ? ನಿಮ್ಮ ಕರಾರಿನಲ್ಲಿ ನಿಮಗೆ ನಷ್ಟವಿಲ್ಲ, ಅವರಿಗೂ ಬಹಳ ನಷ್ಟವಿಲ್ಲ. ನಷ್ಟವೆಲ್ಲ ಅದಕ್ಕೇ ಇಟ್ಟಿದ್ದೀರಿ. ನೀವು ಕೊಳ್ಳುವುದಾದರೆ, ಅದು ಒಂದು ದಿನವೂ ಸವಾರಿಗೆ ಬಾರದೆ ಹೋದರೂ ಇಪ್ಪತ್ತು ವರ್ಷ ಹುಲ್ಲು ಹಾಕುತ್ತೀರಾ? ಹೌದಾದರೆ ತನ್ನಿ. ಅಲ್ಲವಾದರೆ ಮಗುವಿಗೆ ಇಂದೇ ಹೇಳಿಬಿಡಿ, ಅತ್ತು ಸುಮ್ಮನಾಗುತ್ತಾಳೆ.”

ಜಟಕಾದವನ ಸಂಗತಿಯನ್ನು ನಾವು ಅವರಿಗೆ ಎಂದೂ ಹೇಳಿರಲಿಲ್ಲ. ಆ ರಾತ್ರಿ ಹೇಳಿದೆವು. ಅವರು ಬಯ್ಯಲಿಲ್ಲ; “ಆ ಕುದುರೆಯ ಹೆಸರೇನು?” ಎಂದು ಮಾತ್ರ ಕೇಳಿದರು. ನಾವು ಅದಕ್ಕೆ ಹೆಸರನ್ನೇ ಇಟ್ಟಿರಲಿಲ್ಲ.

ಕುದುರೆ ಇಪ್ಪತ್ತೈದು, ಮೂವತ್ತು ವರ್ಷ ಬದುಕುವ ಪ್ರಾಣಿ. ನಾವು ಮೂರು ದಿನ ಪರೀಕ್ಷಿಸಿದ್ದು ಅದರ ಕೀಲನ್ನು. ಪರೀಕ್ಷೆಯಾಗಬೇಕಾಗಿದ್ದದ್ದು ನಮ್ಮ ಹುಲ್ಲುಗಾವಲು, ನಮ್ಮ ಹಣದ ಚೀಲ, ನಮ್ಮ ಮಾತಿನ ಗಟ್ಟಿತನ. ಇವು ಮೂರೂ ಕುಂಟಾಗಿದ್ದರೆ ಕುದುರೆ ಎಷ್ಟು ನೆಟ್ಟಗಿದ್ದರೂ ಫಲವಿಲ್ಲ. ಇನ್ನು ಎರಡು ದಿನ ಅದನ್ನೇ ಲೆಕ್ಕ ಹಾಕಿದೆವು. ಹೊಸ ಕಾರಿನ ಯೋಚನೆಯನ್ನು ಬಿಟ್ಟರೆ ಹಣ ಸಾಲುತ್ತಿತ್ತು. ಮಗಳಿಗೆ ಎರಡು ಮಾತು ಹೇಳಿದೆವು: ಕಪಿಲೆಗೆ ನಾಲ್ಕು ತುಂಬುವವರೆಗೆ ಸವಾರಿಯಿಲ್ಲ, ಕಪಿಲೆಯಿಂದ ಬೇಲಿ ಹಾರಿಸುವುದು ಎಂದೆಂದಿಗೂ ಇಲ್ಲ, ಅದಕ್ಕೆ ಶಾಲೆಯ ಕುದುರೆಯೇ ಗತಿ. ಅವಳು ಮೊದಲನೆಯದಕ್ಕೆ ಕೂಡಲೆ ಒಪ್ಪಿದಳು. ಎರಡನೆಯದಕ್ಕೆ ಒಂದು ರಾತ್ರಿ ತೆಗೆದುಕೊಂಡಳು. ಆ ಒಂದು ರಾತ್ರಿಯಿಂದಲೇ ಅವಳ ಒಪ್ಪಿಗೆಯನ್ನು ನಂಬಬಹುದೆಂದು ನಮಗೆ ತೋರಿತು.

ಕಪಿಲೆಯನ್ನು ಕೊಂಡೆವು. ಶಸ್ತ್ರಕ್ರಿಯೆಯನ್ನು ಏಪ್ರಿಲ್‌ನಲ್ಲಿ ನಾವೇ ಮಾಡಿಸಿದೆವು. ಮೂರ್ಛೆಯಿಂದ ಏಳುವ ಆ ಮುಕ್ಕಾಲು ಗಂಟೆ ಬಾಗಿಲಿನ ಹೊರಗೆ ನಿಂತಿದ್ದುದನ್ನು ನೆನೆದರೆ ಈಗಲೂ ಅಂಗೈ ಬೆವರುತ್ತದೆ. ಎರಡು ಸಲ ಏಳಲು ಯತ್ನಿಸಿ ಬಿದ್ದು, ಮೂರನೆಯ ಸಲ ನಾಲ್ಕು ಕಾಲಿನ ಮೇಲೆ ನಿಂತಿತು. ಚೂರನ್ನು ತೆಗೆದರು. ಮೃದ್ವಸ್ಥಿ ಒಂದು ಕಡೆ ಸ್ವಲ್ಪ ಸವೆದಿತ್ತು. ಬಹಳವೂ ಅಲ್ಲ, ಇಲ್ಲವೇ ಇಲ್ಲವೆನ್ನುವಷ್ಟು ಕಡಮೆಯೂ ಅಲ್ಲ. “ಹೆದರಲೂ ಬೇಡಿ, ಹಿಗ್ಗಲೂ ಬೇಡಿ” ಎಂದರು ವೈದ್ಯರು. ಕುದುರೆಗೆ ಮಾತ್ರವಲ್ಲ, ಗೃಹಸ್ಥನಿಗೂ ಅದು ಸಾಕಷ್ಟು ಒಳ್ಳೆಯ ಸಲಹೆ.

ನಮ್ಮಂತೆ ಮಾಡಿರೆಂದು ನಾವು ಯಾರಿಗೂ ಹೇಳುವುದಿಲ್ಲ. ನೆಲವಿಲ್ಲದವರು, ಎರಡನೆಯ ಕುದುರೆಯನ್ನು ಕೊಳ್ಳುವ ಶಕ್ತಿಯಿಲ್ಲದೆ ಇರುವುದೊಂದನ್ನೇ ದುಡಿಸಬೇಕಾದವರು, ಇಂಥ ಮರಿಯನ್ನು ಬಿಟ್ಟುಬರುವುದೇ ಸರಿ, ಅದರಲ್ಲಿ ನಾಚಿಕೆಯಿಲ್ಲ. ಕೊಂಡು, ಕುಂಟಿದಾಗ, ಇನ್ನೊಬ್ಬರ ತಲೆಗೆ ಕಟ್ಟುವುದಕ್ಕಿಂತ ಕೊಳ್ಳದಿರುವುದು ಹೆಚ್ಚಿನ ಕರುಣೆ.

ಈಗ ಕಪಿಲೆಗೆ ನಾಲ್ಕು ತುಂಬಿದೆ. ಮಗಳು ಸಮನಾದ ನೆಲದಲ್ಲಿ ಇಪ್ಪತ್ತು ನಿಮಿಷ ನಡೆಯಿಸಿಕೊಂಡು ಬರುತ್ತಾಳೆ. ಊತ ಪೂರ್ತಿ ಇಳಿದಿಲ್ಲ, ಇಳಿಯದೆಯೂ ಇರಬಹುದಂತೆ. ಪ್ರತಿದಿನ ಬೆಳಿಗ್ಗೆ ಕೊಟ್ಟಿಗೆಗೆ ಹೋಗಿ ಆ ಕೀಲಿನ ಮೇಲೆ ಅಂಗೈಯಿಟ್ಟು ನೋಡುತ್ತೇವೆ. ಬಿಸಿಯಿಲ್ಲದಿದ್ದರೆ ಆ ದಿನ ಕಾಫಿಗೆ ಹೆಚ್ಚಿನ ರುಚಿ. ಮನೆಯವರು ಲೆಕ್ಕದ ಪುಸ್ತಕದಲ್ಲಿ ಕಪಿಲೆಯ ಹೆಸರಿನ ಒಂದು ಪುಟವನ್ನು ತೆರೆದು, ಅದರ ಮುಪ್ಪಿಗೆಂದು ತಿಂಗಳಿಗಿಷ್ಟು ಎತ್ತಿಡುತ್ತಿದ್ದಾರೆ. ಆ ಪುಟವನ್ನು ಕಂಡಾಗ, ಹೆಸರಿಲ್ಲದೆ ಹೋದ ಪಂಚಕಲ್ಯಾಣಿಯ ನೆನಪಾಗುತ್ತದೆ. ಇದಕ್ಕೆ ಸಂದದ್ದರಿಂದ ಅದರ ಸಾಲ ತೀರುವುದಿಲ್ಲ. ಆದರೆ ಮಳೆ ಬಂದ ದಿನ ನಾವು ಈಗ ಕೊಡೆಯನ್ನು ಮುಖಕ್ಕೆ ಅಡ್ಡಹಿಡಿಯದೆ, ತಲೆಯ ಮೇಲೆ ಹಿಡಿದೇ ಕೊಟ್ಟಿಗೆಗೆ ಹೋಗುತ್ತೇವೆ.